ಟೆಸ್ಟರ್ ಗೋಲ್‌ಕೀಪರ್ ಅಲ್ಲ, ವಿಕೆಟ್ ಕೀಪರ್

ಪ್ರಶ್ನೆ: ಎರಡು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟರ್ ಆಗಿದ್ದೇನೆ. ರಿಲೀಸ್ ಆದ ಮೇಲೆ ಬಗ್ (ಸಾಫ್ಟ್‌ವೇರ್‌ನಲ್ಲಿ ಉಳಿದ ತಪ್ಪು) ಸಿಕ್ಕಿದರೆ ಸಾಕು, ‘ನೀವೇ ಗೋಲ್‌ಕೀಪರ್, ಗೋಲ್ ಹೇಗೆ ಬಿಟ್ರಿ?’ ಎನ್ನುತ್ತಾರೆ ಮ್ಯಾನೇಜರ್. ನಮ್ಮ ಕೆಲಸ ಅಷ್ಟೇನಾ?

ಉತ್ತರ: ಈ ಹೋಲಿಕೆ ನನಗಂತೂ ಹಿಡಿಸುವುದಿಲ್ಲ. ಹತ್ತು ಜನರನ್ನು ದಾಟಿ ಬಂದ ಚೆಂಡಿಗೆ ಕೊನೆಯಲ್ಲಿ ನಿಂತವರೊಬ್ಬರೇ ಹೊಣೆ ಎನ್ನುವ ಲೆಕ್ಕ ಅದು. ಆಟದ ಮಾತೇ ಬೇಕು ಅಂದ್ರೆ ಕ್ರಿಕೆಟ್‌ನ ವಿಕೆಟ್ ಕೀಪರ್ ನೋಡಿ. ಬ್ಯಾಟರ್ ಹೊಡೆದೇ ಹೊಡೆಯುತ್ತಾರೆ ಅನ್ನಿಸಿದರೂ ಪ್ರತಿ ಎಸೆತಕ್ಕೂ ಕುಕ್ಕರುಗಾಲಲ್ಲಿ ಕೂತು, ತಪ್ಪಿದರೆ ಇರಲಿ ಅಂತ ಗ್ಲೌಸ್ ಒಡ್ಡಿಕೊಂಡೇ ಇರುತ್ತಾರೆ. ಅವರಿಗೆ ಕ್ಯಾಚ್ ಬರೋದು ಚೆಂಡು ಬ್ಯಾಟಿನ ಅಂಚು ಸವರಿದಾಗ, ಅಲ್ವಾ? ಬಗ್ ಕೂಡ ಜಾಸ್ತಿ ಅಂಚಿನಲ್ಲೇ ಸಿಗುತ್ತದೆ. ಪಾಸ್‌ವರ್ಡ್ 8ರಿಂದ 16 ಅಕ್ಷರ ಇರಬೇಕು ಅಂದುಕೊಳ್ಳಿ. ಡೆವಲಪರ್ 10 ಅಕ್ಷರ ಹಾಕಿ ‘ಸರಿಯಾಗಿದೆ’ ಎನ್ನುತ್ತಾರೆ. ನೀವು 7, 8, 16, 17 ಹಾಕುತ್ತೀರಿ, ಆಮೇಲೆ ಸುಮ್ನೆ ಸ್ಪೇಸ್ ಬಾರನ್ನೇ 8 ಸಲ ಒತ್ತಿ ನೋಡುತ್ತೀರಿ. ಕೋಡ್‌ನಲ್ಲಿ ‘16ಕ್ಕಿಂತ ಕಡಿಮೆ’ ಅಂತ ಬಿದ್ದಿದ್ದರೆ 16 ಅಕ್ಷರ ಹಾಕಿದವರು ಹೊರಗೆ!

ಇನ್ನೊಂದು, ಕೀಪರ್ ಅಪೀಲ್ ಮಾಡುತ್ತಾರೆ, ಔಟ್ ಕೊಡೋದು ಅಂಪೈರ್. ಆದರೆ ಯಾರೂ ಅಪೀಲ್ ಮಾಡದಿದ್ದರೆ ನಿಯಮದ ಪ್ರಕಾರ ಅಂಪೈರ್ ಔಟ್ ಕೊಡುವ ಹಾಗೇ ಇಲ್ಲ. ಬಗ್ ರಿಪೋರ್ಟ್ ಅಂದ್ರೆ ಆ ಅಪೀಲ್. ಈಗಲೇ ಸರಿಮಾಡಬೇಕಾ, ಹಾಗೇ ರಿಲೀಸ್ ಮಾಡಬೇಕಾ ಅನ್ನೋದು ಬೇರೆಯವರ ತೀರ್ಮಾನ. ಅದಕ್ಕೇ ಬರೀ ‘ಲಾಗಿನ್ ಆಗ್ತಿಲ್ಲ’ ಅಂತ ಬರೆದರೆ ಸಾಲದು, ಯಾವ ಫೋನ್, ಯಾವ ವರ್ಷನ್, ಯಾವುದಾದ ಮೇಲೆ ಯಾವುದು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು ಎಲ್ಲ ಬರೆಯಿರಿ.

ಈಗ ನಿಮ್ಮ ಮ್ಯಾನೇಜರ್ ಮಾತು. ಬ್ಯಾಟಿಗೂ ಬ್ಯಾಟರ್ ಮೈಗೂ ತಾಗದೆ ಕೀಪರ್ ಕೈತಪ್ಪಿ ಹೋದ ಚೆಂಡಿಗೆ ಓಡಿದ ರನ್ ಬೈ, ಅದನ್ನು ಬೌಲರ್ ಲೆಕ್ಕಕ್ಕೆ ಹಾಕುವುದಿಲ್ಲ. ವೈಡ್ ಹಾಕಿದರೆ ಮಾತ್ರ ಅದು ಬೌಲರ್ ಲೆಕ್ಕಕ್ಕೇ. ಹಾಗಾಗಿ ಬಗ್ ಹೊರಗೆ ಹೋದಾಗ, ಯಾರಾದರೂ ಬೈಯುವ ಮೊದಲು ಅದು ಬೈ ಹೌದಾ ನೋಡಿ (ಕನ್ನಡದಲ್ಲಿ ಈ ಪದ ಸರಿಯಾಗೇ ಇದೆ). ನಿಮ್ಮ ಆಟದಲ್ಲಿ ಬೌಲರ್ ಅಂದ್ರೆ ಡೆವಲಪರ್; ಅವರು ರಿಲೀಸ್‌ನ ಹಿಂದಿನ ಸಂಜೆ ಕೋಡ್ ಬದಲಿಸಿ ನಿಮಗೆ ತಿಳಿಸದೇ ಬಿಟ್ಟಿದ್ದರೆ ವೈಡ್, ಹಾಗಂತ ನೇರವಾಗಿ ಹೇಳಿ. ಕಣ್ಣೆದುರಿಗಿದ್ದೂ ನೋಡದೆ ಬಿಟ್ಟಿದ್ದರೆ ಒಪ್ಪಿಕೊಂಡು, ಮುಂದೆ ಪರೀಕ್ಷಿಸುವ ಪಟ್ಟಿಗೆ ಆ ಟೆಸ್ಟ್ ಕೇಸ್ ಸೇರಿಸಿ. ನಾನೂ ಬಿಟ್ಟಿದ್ದೇನೆ. ಹಣ ಕಟ್ಟುವ ಬಟನ್ ಒಂದೇ ಸಲ ಒತ್ತಿ ನೋಡಿ ಪಾಸ್ ಅಂತ ಬರೆದಿದ್ದೆ; ಬಳಕೆದಾರರು ಪಟಪಟ ಎರಡು ಸಲ ಒತ್ತಿದರು, ಹಣವೂ ಎರಡು ಸಲ ಹೋಯಿತು.