ಕೊನೆಯ ಕಾಲುಭಾಗದಲ್ಲಿ ಬಿಗಿಯುವ ಸರ್ವೋ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾವು ಮೂವರು ಗೆಳೆಯರು ಧಾರವಾಡ, ವಿಜಯಪುರಗಳ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದವರು. ಸಾಸ್ವಡದ ಹತ್ತಿರ ಶೆಡ್ ಒಂದನ್ನು ಬಾಡಿಗೆಗೆ ಹಿಡಿದು ಎರಡು ಆಸನಗಳ ಕಿಟ್ ವಿಮಾನವನ್ನು ಜೋಡಿಸುತ್ತಿದ್ದೇವೆ. ಆಟೋಪೈಲಟ್‌ನಲ್ಲಿ (ವಿಮಾನವನ್ನು ತಾನಾಗಿಯೇ ನಡೆಸುವ ವ್ಯವಸ್ಥೆ) ರೆಕ್ಕೆಗಳ ವಾಲಿಕೆಯನ್ನು ನೋಡಿಕೊಳ್ಳುವ ರೋಲ್ ಸರ್ವೋದ (ನಿಯಂತ್ರಣಗಳನ್ನು ತಿರುಗಿಸುವ ಪುಟ್ಟ ಮೋಟಾರು) ಕ್ಯಾಲಿಬ್ರೇಶನ್, ಅಂದರೆ ಚಲನೆಯ ಮಿತಿಗಳನ್ನು ಅದಕ್ಕೆ ಕಲಿಸುವ ಹೊಂದಾಣಿಕೆ, ಸುಸೂತ್ರವಾಗಿ ಮುಗಿಯಿತು. ಮೂಗಿನ ಏರಿಳಿತವನ್ನು ನೋಡಿಕೊಳ್ಳುವ ಪಿಚ್ ಸರ್ವೋದಲ್ಲಿ ಮಾತ್ರ, ಪರದೆಯ ಸೂಚನೆಯಂತೆ ಸ್ಟಿಕ್ ಅನ್ನು (ಪೈಲಟ್ ಹಿಡಿಯುವ ನಿಯಂತ್ರಣದ ಕೋಲು) ಹಿಂದಕ್ಕೆ ಎಳೆಯುವಾಗ ಕೊನೆಯ ಕಾಲುಭಾಗದಲ್ಲಿ ಅದು ಬಿಗಿಯಾಗುತ್ತದೆ ಮತ್ತು ಕ್ಯಾಲಿಬ್ರೇಶನ್ ವಿಫಲವೆಂದು ತೋರಿಸುತ್ತದೆ. ಸರ್ವೋದ ತಿರುಗಿಸುವ ಬಲವಾದ ಟಾರ್ಕ್ ಅನ್ನು ನೂರಕ್ಕೆ ನೂರು ಏರಿಸಿದರೂ ಪ್ರಯೋಜನವಾಗಿಲ್ಲ. ಎಂಜಿನ್ ನಿಲ್ಲಿಸಿ ಬರಿಯ ಬ್ಯಾಟರಿಯ ಮೇಲೆ ನಡೆಸಿದಾಗ ಒಮ್ಮೊಮ್ಮೆ ಆ ಸರ್ವೋದ ಸಂಪರ್ಕವೇ ಕಡಿದುಹೋಗುತ್ತದೆ. ಸೆಟ್ಟಿಂಗ್‌ನಲ್ಲಿ ಇನ್ನೇನನ್ನು ಬದಲಿಸಬೇಕು?
— ಓದುಗರೊಬ್ಬರು, ಕೋಥರೂಡ್, ಪುಣೆ

ಉತ್ತರ: ಸೆಟ್ಟಿಂಗ್‌ನಲ್ಲಿ ಸದ್ಯಕ್ಕೆ ಮಾಡಬೇಕಾದ ಬದಲಾವಣೆ ಒಂದೇ. ಟಾರ್ಕ್ ಅನ್ನು ತಯಾರಕರ ಕೈಪಿಡಿ ಸೂಚಿಸುವ ಆರಂಭದ ಮಟ್ಟಕ್ಕೆ ಈ ಹೊತ್ತೇ ಇಳಿಸಿರಿ. ಆಟೋಪೈಲಟ್ ತಪ್ಪು ದಿಕ್ಕಿಗೆ ಎಳೆದಾಗ ಅದನ್ನು ಮೀರಿಸಲು ಪೈಲಟ್ ಸ್ಟಿಕ್ ಮೇಲೆ ಎಷ್ಟು ಬಲ ಹಾಕಬೇಕಾಗುತ್ತದೆ ಎಂಬುದನ್ನು ನಿರ್ಧರಿಸುವುದು ಈ ಟಾರ್ಕ್ ಮಿತಿಯೇ ಆದ್ದರಿಂದ, ದೋಷ ಎಲ್ಲಿದೆ ಎಂದು ತಿಳಿಯುವ ಮೊದಲೇ ಅದನ್ನು ಏರಿಸುವುದು ನಿಮ್ಮ ಕೈಯ ಬಲವನ್ನು ನೀವೇ ಕಡಿಮೆ ಮಾಡಿಕೊಂಡಂತೆ.

ಇನ್ನು ದೋಷದ ಹುಡುಕಾಟ. ಸರ್ವೋದ ತೋಳಿನಿಂದ ಪುಶ್‌ರಾಡ್ ಅನ್ನು (ಸರ್ವೋದ ಚಲನೆಯನ್ನು ನಿಯಂತ್ರಣಕ್ಕೆ ಮುಟ್ಟಿಸುವ ಸರಳು) ಕಳಚಿ, ಸ್ಟಿಕ್ ಅನ್ನು ಎರಡೂ ತುದಿಗಳವರೆಗೆ ಒಯ್ದು ನೋಡಿರಿ. ಬಿಗಿತ ಮಾಯವಾದರೆ ಎಲಿವೇಟರಿನ (ಮೂಗನ್ನು ಏರಿಳಿಸುವ ಬಾಲದ ಹಲಗೆ) ಮೂಲ ಜೋಡಣೆ ಸರಿಯಿದೆ, ತೊಂದರೆ ಸರ್ವೋ ಕೂಡಿಸಿದ ರೀತಿಯಲ್ಲಿದೆ ಎಂದರ್ಥ. ಬಿಗಿತವು ಒಂದೇ ದಿಕ್ಕಿನಲ್ಲಿ, ಅದೂ ಕೊನೆಯಲ್ಲಿ ಮಾತ್ರ ಬರುತ್ತಿರುವುದರಿಂದ ಹೀಗೇ ಆಗುತ್ತದೆಂಬ ನಿರೀಕ್ಷೆ ನನ್ನದು.

ಸ್ಟಿಕ್ ಮಧ್ಯದಲ್ಲಿದ್ದಾಗ ಸರ್ವೋದ ತೋಳು ಪುಶ್‌ರಾಡ್‌ಗೆ ಸರಿಯಾಗಿ 90 ಡಿಗ್ರಿಯಲ್ಲಿರಬೇಕು. ಪುಶ್‌ರಾಡ್ ಸಾಕಷ್ಟು ಉದ್ದವಾಗಿದೆ, ಎಲಿವೇಟರಿನ ಪೂರ್ಣ ಚಲನೆಗೆ ತೋಳು ಎರಡೂ ಕಡೆಗೆ 40 ಡಿಗ್ರಿ ತಿರುಗಬೇಕು ಎಂದು ಇಟ್ಟುಕೊಳ್ಳೋಣ. ಈಗ ತೋಳು ಮಧ್ಯದಲ್ಲಿಯೇ 20 ಡಿಗ್ರಿ ವಾಲಿಕೊಂಡಿದ್ದರೆ, ಅದೇ ಚಲನೆಗೆ ಒಂದು ಕಡೆ ಅದು 60 ಡಿಗ್ರಿಗೆ ನಿಲ್ಲುವುದಿಲ್ಲ, ಸುಮಾರು 80 ಡಿಗ್ರಿಯವರೆಗೆ ಹೋಗುತ್ತದೆ; ಇನ್ನೊಂದು ಕಡೆ 18 ಡಿಗ್ರಿಯನ್ನೂ ಮುಟ್ಟುವುದಿಲ್ಲ. ತೋಳು 60 ಡಿಗ್ರಿ ತಿರುಗಿದಾಗ ಅದನ್ನು ಸ್ಟಿಕ್‌ನಿಂದ ಹಿಂದಿರುಗಿಸಲು, ಅದು ಪುಶ್‌ರಾಡ್‌ಗೆ 90 ಡಿಗ್ರಿಯಲ್ಲಿರುವಾಗಿನ ಎರಡು ಪಟ್ಟು ಬಲ ಬೇಕು; 80 ಡಿಗ್ರಿಯಲ್ಲಿ ಬೇಕಾಗುವುದು ಆರು ಪಟ್ಟಿಗೆ ಸಮೀಪ. ನಿಮ್ಮ ಕೈಗೆ ತಾಗುತ್ತಿರುವ ಬಿಗಿತ ಬಹುಶಃ ಇದೇ. ಇದನ್ನೂ ದಾಟಿ ತೋಳು ಮತ್ತು ಪುಶ್‌ರಾಡ್ ಒಂದೇ ನೇರಕ್ಕೆ ಬಂದು ಆಚೆಗೆ ಮಗುಚಿಕೊಂಡರೆ, ಪೈಲಟ್ ಎಷ್ಟು ಜಗ್ಗಿದರೂ ಎಲಿವೇಟರ್ ಬಿಡಿಸಿಕೊಳ್ಳುವುದಿಲ್ಲ. ಆಟೋಪೈಲಟ್ ಆಫ್ ಮಾಡಿದರೂ ಆ ಬೀಗ ತೆರೆಯುವುದಿಲ್ಲ, ಏಕೆಂದರೆ ಅದು ವಿದ್ಯುತ್ತಿನದಲ್ಲ, ಲೋಹದ ಕೋನದ್ದು. ಇದು ಸರಿಯಾಗುವವರೆಗೆ ಸರ್ವೋ ಜೋಡಿಸಿದ ಸ್ಥಿತಿಯಲ್ಲಿ ವಿಮಾನವನ್ನು ದಯವಿಟ್ಟು ಹಾರಿಸಬೇಡಿರಿ.

ಪರಿಹಾರ ಕಷ್ಟದ್ದಲ್ಲ. ಸ್ಟಿಕ್ ಅನ್ನು ಮಧ್ಯದಲ್ಲಿ ಕಟ್ಟಿ ನಿಲ್ಲಿಸಿ, ರಾಡ್ ಎಂಡ್ ಅನ್ನು (ಸರಳಿನ ತುದಿಯ ತಿರುಪಿನ ಕೊಂಡಿ) ತಿರುಗಿಸುತ್ತ ಪುಶ್‌ರಾಡ್‌ನ ಉದ್ದವನ್ನು ಹೊಂದಿಸಿ, ತೋಳನ್ನು ಅದಕ್ಕೆ 90 ಡಿಗ್ರಿಗೆ ತನ್ನಿರಿ. ರಾಡ್ ಎಂಡ್‌ನ ಎಳೆಗಳು ಒಳಗೆ ಸಾಕಷ್ಟು ಕಚ್ಚಿಕೊಂಡಿವೆಯೇ ಎಂದು ನೋಡಿ, ಅದು ಸಡಿಲವಾಗದಂತೆ ತಡೆಯುವ ಚೆಕ್ ನಟ್ ಬಿಗಿಯಿರಿ. ಆ ಮೇಲೂ ಕೋನ ಹೆಚ್ಚೆನಿಸಿದರೆ ತೋಳಿನ ಹೊರಗಿನ ರಂಧ್ರಕ್ಕೆ ಪುಶ್‌ರಾಡ್ ಅನ್ನು ಬದಲಿಸಬಹುದು. ಆಗ ತಿರುಗುವ ಕೋನವೂ ಕಡಿಮೆ, ಮೀರಿಸಲು ಬೇಕಾದ ಬಲವೂ ಕಡಿಮೆ. ಆದರೆ ಎಲಿವೇಟರಿನ ಮೇಲೆ ಸರ್ವೋದ ಹಿಡಿತವೂ ಅಷ್ಟೇ ಇಳಿಯುತ್ತದೆ. ಮಗುಚುವುದನ್ನು ತಡೆಯುವ ಸ್ಟಾಪ್ ಪಟ್ಟಿ ಕಿಟ್‌ನಲ್ಲಿ ಬಂದಿದ್ದರೆ ಅದನ್ನು ಪೆಟ್ಟಿಗೆಯಲ್ಲೇ ಉಳಿಸಬೇಡಿರಿ.

ಸರ್ವೋವನ್ನು ಹಿಡಿದಿಡುವ ಬ್ರಾಕೆಟ್ ಕುರಿತು ಒಂದು ಮಾತು. ಭೋಸರಿಯ ವರ್ಕ್‌ಶಾಪುಗಳಲ್ಲಿ ಇಂಥ ಬ್ರಾಕೆಟ್‌ಗಳನ್ನು ಅಚ್ಚುಕಟ್ಟಾಗಿ ಮಾಡಿಕೊಡುತ್ತಾರೆ, ನೀವೂ ಅಲ್ಲಿಯೇ ಮಾಡಿಸಿರಬಹುದು. ಆದರೆ ಅಳತೆ ಸರಿಯಿರುವುದು ಬೇರೆ, ಬಾಗದಿರುವುದು ಬೇರೆ. ಸರ್ವೋ ಎಂಗೇಜ್ ಆಗಿ ನಿಯಂತ್ರಣವನ್ನು ಹಿಡಿದಿರುವಾಗ ಒಬ್ಬರು ಸ್ಟಿಕ್ ಅನ್ನು ಮೆಲ್ಲಗೆ ಒತ್ತಲಿ, ಇನ್ನೊಬ್ಬರು ಬ್ರಾಕೆಟ್ ಮತ್ತು ವಿಮಾನದ ಚೌಕಟ್ಟಿನ ಪಕ್ಕೆಲುಬು ಕೂಡುವ ಗೆರೆಯ ಮೇಲೆ ಬೆರಳ ತುದಿಯನ್ನು ಅರ್ಧ ಅಲ್ಲಿ, ಅರ್ಧ ಇಲ್ಲಿ ಇಟ್ಟುಕೊಳ್ಳಲಿ. ಕಣ್ಣಿಗೆ ಕಾಣದ ಅಲುಗಾಟ ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿ ಸಡಿಲವಿದ್ದರೆ ಮುಂದೆ ಹಾರಾಟದಲ್ಲಿ ಮೂಗು ಮೇಲೆ ಕೆಳಗೆ ನಿಧಾನವಾಗಿ ತೂಗಾಡುವುದನ್ನು ಯಾವ ಗೇನ್ (ಆಟೋಪೈಲಟ್ ಎಷ್ಟು ಚುರುಕಾಗಿ ತಿದ್ದಬೇಕೆಂಬ) ಸೆಟ್ಟಿಂಗೂ ನಿಲ್ಲಿಸಲಾರದು.

ಸಂಪರ್ಕ ಕಡಿಯುವುದು ಬೇರೆಯದೇ ದೋಷ. ರೋಲ್ ಸರ್ವೋ ಚೆನ್ನಾಗಿ ಮಾತಾಡುತ್ತಿರುವುದರಿಂದ ಡೇಟಾ ತಂತಿಗಳ ಮುಖ್ಯ ಸಾಲನ್ನು ಶಂಕಿಸಬೇಕಿಲ್ಲ. ಬಾಲದ ಕಡೆಗೆ ಹೋಗುವ ಕವಲನ್ನೂ ಅದರ ಕ್ರಿಂಪ್‌ಗಳನ್ನೂ (ತಂತಿಯ ತುದಿಗೆ ಒತ್ತಿ ಕೂಡಿಸಿದ ಲೋಹದ ಸಂಪರ್ಕಗಳು) ನೋಡಿದರೆ ಸಾಕು. ನನಗೆ ಹೆಚ್ಚು ಅನುಮಾನವಿರುವುದು ವಿದ್ಯುತ್ ತಂತಿಯ ದಪ್ಪದ ಮೇಲೆ. 0.33 ಚದರ ಮಿಲಿಮೀಟರಿನ ತಾಮ್ರದ ತಂತಿ 5 ಮೀಟರ್ ಹೋಗಿ 5 ಮೀಟರ್ ಮರಳಿದರೆ ಅದರ ರೋಧ ಅರ್ಧ ಓಮ್‌ಗಿಂತ ತುಸು ಹೆಚ್ಚಾಗುತ್ತದೆ. 2 ಆಂಪಿಯರ್ ಹರಿದಾಗ 1 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಆಲ್ಟರ್ನೇಟರ್ 14 ವೋಲ್ಟ್ ಕೊಡುವಾಗ ಈ ನಷ್ಟ ಗಮನಕ್ಕೆ ಬರುವುದಿಲ್ಲ, 12 ವೋಲ್ಟ್‌ಗೆ ಇಳಿದ ಬ್ಯಾಟರಿಯ ಮೇಲೆ ಬರುತ್ತದೆ. 0.8 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ ಅರ್ಧ ವೋಲ್ಟ್‌ನ ಒಳಗೇ ಉಳಿಯುತ್ತದೆ. ವೋಲ್ಟೇಜನ್ನು ಪ್ಯಾನೆಲ್‌ನಲ್ಲಿ ಅಳೆಯದೆ, ಸರ್ವೋದ ಕನೆಕ್ಟರ್‌ನಲ್ಲಿಯೇ, ಅದು ಕೆಲಸ ಮಾಡುತ್ತಿರುವಾಗ ಅಳೆಯಿರಿ. ತಂತಿ ಬದಲಿಸುವುದಾದರೆ ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಸಿಗುವ ಮನೆಬಳಕೆಯ ಪಿವಿಸಿ ತಂತಿ ಬೇಡ; ಸುಟ್ಟರೆ ಅದರ ಹೊಗೆ ಕಾಕ್‌ಪಿಟ್‌ನಲ್ಲಿ ಉಸಿರು ಕಟ್ಟಿಸುತ್ತದೆ. ಟೆಫ್ಜೆಲ್ (ಬಿಸಿಯನ್ನು ತಡೆಯುವ ಪ್ಲಾಸ್ಟಿಕ್) ಹೊದಿಕೆಯ ವಿಮಾನದ ತಂತಿಯನ್ನೇ ತರಿಸಿರಿ.

ಪ್ರಶ್ನೆ: ಹಾರಾಟದ ನಡುವೆ ಸರ್ವೋ ಸಿಕ್ಕಿಕೊಂಡರೆ ಪೈಲಟ್‌ಗೆ ಯಾವ ದಾರಿಗಳಿವೆ?
— ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ಮೊದಲನೆಯದು ಸ್ಟಿಕ್ ಮೇಲಿನ ಡಿಸ್‌ಕನೆಕ್ಟ್ ಬಟನ್, ಎರಡನೆಯದು ಆಟೋಪೈಲಟ್‌ನ ಸರ್ಕಿಟ್ ಬ್ರೇಕರ್, ಮೂರನೆಯದು ಕೈಯ ಬಲ. ಇವು ಮೂರೂ ಸೋತು ಸರ್ವೋದ ಒಳಗಿನ ಗೇರ್‌ಗಳೇ ಕಚ್ಚಿಕೊಂಡರೆ ಎಂದು ಕೆಲವು ಸರ್ವೋಗಳ ತೋಳಿನಲ್ಲಿ ಬಲವಾದ ಎಳೆತಕ್ಕೆ ಮುರಿಯುವ ಮೆದುಲೋಹದ ಶಿಯರ್ ಸ್ಕ್ರೂ ಇಟ್ಟಿರುತ್ತಾರೆ. ಅದು ಕಳೆದುಹೋದರೆ ಅಂಗಡಿಯ ಉಕ್ಕಿನ ಸ್ಕ್ರೂ ಹಾಕುವುದು ಅಕ್ಷಮ್ಯ. 1914ರ ಜೂನ್‌ನಲ್ಲಿ ಆಟೋಪೈಲಟ್‌ನ ಆದ್ಯ ರೂವಾರಿ ಲಾರೆನ್ಸ್ ಸ್ಪೆರಿ ಪ್ಯಾರಿಸ್ ಹತ್ತಿರ ಸೇನ್ ನದಿಯ ಮೇಲೆ ಎರಡೂ ಕೈಗಳನ್ನೆತ್ತಿ ತೋರಿಸುತ್ತ, ಸಹಾಯಕ ರೆಕ್ಕೆಯ ಮೇಲೆ ನಡೆಯುತ್ತಿದ್ದರೂ ವಿಮಾನ ಸಮತೋಲ ಕೆಡದೆ ಹಾರಿದ್ದನ್ನು ಜನ ಇಂದಿಗೂ ನೆನೆಯುತ್ತಾರೆ; ಆ ಕೈಗಳು ಬೇಕೆಂದಾಗ ಮತ್ತೆ ನಿಯಂತ್ರಣಕ್ಕೆ ಬರುವಂತಿರುವುದೂ ಅಷ್ಟೇ ಮುಖ್ಯವಾದ ಎಂಜಿನಿಯರಿಂಗ್. ಆದ್ದರಿಂದ ಪ್ರತಿ ಹಾರಾಟದ ಮೊದಲು ನೆಲದ ಮೇಲೆಯೇ ಆಟೋಪೈಲಟ್ ಅನ್ನು ಎಂಗೇಜ್ ಮಾಡಿ, ಸ್ಟಿಕ್ ಅನ್ನು ನಾಲ್ಕೂ ದಿಕ್ಕಿಗೆ ಒತ್ತಿ ಮೀರಿಸಿ ನೋಡಿ, ಆ ಮೇಲೆ ಬಟನ್ ಒತ್ತಿ, ಸ್ಟಿಕ್ ಎರಡೂ ತುದಿಗಳವರೆಗೆ ಹಗುರವಾಗಿ ಹೋಗುತ್ತದೆಯೇ ಎಂದು ಪರೀಕ್ಷಿಸಬೇಕು.