ಉಕ್ಕಿನ ಬದಲು ಸೆರಾಮಿಕ್: ಪೇಟೆಂಟ್ ಮೇಲ್ಮನವಿ ಎಲ್ಲಿ, ಯಾವ ಆಧಾರದ ಮೇಲೆ?

ಪ್ರಶ್ನೆ: ಸಿಮೆಂಟ್ ಗೂಡಿನ ಬರ್ನರ್ ತುದಿಗೆ ಉಕ್ಕಿನ ಬದಲಾಗಿ ಸಿಲಿಕಾನ್ ಕಾರ್ಬೈಡ್ ಎಂಬ ಸೆರಾಮಿಕ್‌ನ ನಳಿಕೆ ಜೋಡಿಸುವುದಕ್ಕೆ ಪೇಟೆಂಟ್ ಕೋರಿದ್ದೆ. ‘ಈ ಕಸುಬು ಬಲ್ಲವರಿಗೆ ಸಹಜವಾಗಿ ಹೊಳೆಯುವಂಥದ್ದು’ ಎಂದು ಅರ್ಜಿ ತಿರಸ್ಕೃತವಾಗಿದೆ. ಇದನ್ನು ಹಿಂದೆ ಯಾರೂ ಮಾಡಿರಲಿಲ್ಲ. ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ ಸಲ್ಲಿಸಬಹುದೇ?
– ಓದುಗರೊಬ್ಬರು, ಸೇಡಂ

ಉತ್ತರ: ಮೇಲ್ಮನವಿಗೆ ಅವಕಾಶವಿದೆ, ಆದರೆ ಕಲಬುರಗಿಯಲ್ಲಿ ಅಲ್ಲ. ಕರ್ನಾಟಕದವರ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. 2021ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ರದ್ದಾದ ಮೇಲೆ ಆ ಕಚೇರಿಯ ಆದೇಶಗಳ ವಿರುದ್ಧದ ಮೇಲ್ಮನವಿಗಳನ್ನು ಮದ್ರಾಸ್ ಹೈಕೋರ್ಟ್ ಆಲಿಸುತ್ತದೆ. ಪೇಟೆಂಟ್ ಕಾಯ್ದೆಯ ಕಲಂ 117ಎ ಪ್ರಕಾರ ಗಡುವು ಆದೇಶದ ದಿನದಿಂದ ಮೂರು ತಿಂಗಳು.

‘ಹಿಂದೆ ಯಾರೂ ಮಾಡಿರಲಿಲ್ಲ’ ಎಂಬ ವಾದವನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಅದು ಹೊಸತನಕ್ಕೆ ಸಾಕ್ಷಿಯಾದೀತೇ ಹೊರತು, ಕಲಂ 2(1)(ಜೆಎ) ಬೇಡುವ ‘ಆವಿಷ್ಕಾರದ ಹೆಜ್ಜೆ’ಗೆ, ಅಂದರೆ ಕಸುಬು ಬಲ್ಲವರಿಗೂ ಸಹಜವಾಗಿ ಹೊಳೆಯದಂಥ ಮುನ್ನಡೆಗೆ, ಅಲ್ಲ. ಮರ, ಲೋಹಗಳ ಬದಲು ಪಿಂಗಾಣಿಯಲ್ಲಿ ಬಾಗಿಲ ಹಿಡಿ ಮಾಡಿದವರ ಪೇಟೆಂಟನ್ನು ಅಮೆರಿಕದ ಸುಪ್ರೀಂ ಕೋರ್ಟ್ 1851ರಲ್ಲೇ, ಸಾಮಾನ್ಯ ಕೆಲಸಗಾರನ ಕುಶಲತೆಯನ್ನು ಮೀರಿದ್ದು ಇದರಲ್ಲಿ ಏನೂ ಇಲ್ಲವೆಂದು ತಳ್ಳಿಹಾಕಿತ್ತು. ನಮ್ಮ ಸುಪ್ರೀಂ ಕೋರ್ಟ್ ಕೂಡ ಪಾತ್ರೆ ತಯಾರಿಕೆಯ ಪೇಟೆಂಟ್ ಕುರಿತ 1978ರ ಬಿಶ್ವನಾಥ್ ಪ್ರಸಾದ್ ಪ್ರಕರಣದಲ್ಲಿ, ಬರೀ ವರ್ಕ್‌ಶಾಪ್ ಮಟ್ಟದ ಸುಧಾರಣೆ ಸಾಲದು ಎಂದಿದೆ.

ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ಲಿಂಕರ್ (ಪುಡಿಮಾಡಿದರೆ ಸಿಮೆಂಟ್ ಆಗುವ ಗಟ್ಟಿ) ಬೇಯುವ ಗೂಡಿನಲ್ಲಿ ಸೆರಾಮಿಕ್ ತಾಳುತ್ತದೆಂಬುದು ಯಾರಿಗೂ ಹೊಸ ಸುದ್ದಿಯಲ್ಲ. ನಿಮ್ಮ ನಿಜವಾದ ಬಲ ಇರುವುದು ಜೋಡಣೆಯಲ್ಲಿ ಎಂದು ನನಗನಿಸುತ್ತದೆ. ಕಾದಾಗ ಸ್ಟೇನ್‌ಲೆಸ್ ಉಕ್ಕು ಸಿಲಿಕಾನ್ ಕಾರ್ಬೈಡ್‌ಗಿಂತ ಮೂರು ಪಟ್ಟಿಗೂ ಹೆಚ್ಚು ಹಿಗ್ಗುವುದರಿಂದ, ಎರಡನ್ನೂ ಬಿಗಿಯಾಗಿ ಕೂಡಿಸಿದರೆ ಪೆಡಸಾದ ಸೆರಾಮಿಕ್ಕೇ ಸೀಳುತ್ತದೆ. ಈ ಭಯದಿಂದಲೇ ನುರಿತವರು ಈ ಬದಲಾವಣೆಗೆ ಕೈಹಾಕುತ್ತಿರಲಿಲ್ಲ, ನೀವು ಇಂಥ ಉಪಾಯದಿಂದ ಅದನ್ನು ಗೆದ್ದಿರಿ ಎಂದು ಹಳೆಯ ಕೈಪಿಡಿಗಳು ಮತ್ತು ಪರೀಕ್ಷೆಯ ಅಂಕಿಗಳ ಸಮೇತ ತೋರಿಸಿದರೆ ವಾದಕ್ಕೆ ತೂಕ ಬರುತ್ತದೆ. ಆದರೆ ಗೂಡಿನ ಒಳಪದರವನ್ನು ಹಿಡಿದಿಡುವ ಉಕ್ಕಿನ ಕೊಂಡಿಗೆ (ಆಂಕರ್) ಬಿಟುಮಿನ್ (ಡಾಂಬರು) ಬಳಿದು, ಅದು ಉರಿದುಹೋದಾಗ ಹಿಗ್ಗಲು ಸಂದು ಉಳಿಯುವಂತೆ ಮಾಡುವುದು ಗೂಡಿನ ಕೆಲಸದವರಿಗೆ ಹಳೆಯ ವಿದ್ಯೆ. ನಿಮ್ಮ ಉಪಾಯವೂ ಅಷ್ಟೇ ಆಗಿದ್ದರೆ ಮೇಲ್ಮನವಿ ನಿಲ್ಲುವುದು ಕಷ್ಟ.

ಇನ್ನೊಂದು ವಿಷಯ: ಮೂಲ ವಿವರಣಾ ಪತ್ರದಲ್ಲಿ ಇಲ್ಲದ ಜೋಡಣೆಯನ್ನು ತಿದ್ದುಪಡಿಯ ಮೂಲಕ ಈಗ ಸೇರಿಸಲು ಕಲಂ 59 ಬಿಡುವುದಿಲ್ಲ. ಆದ್ದರಿಂದ ವಕೀಲರನ್ನು ಕಾಣುವ ಮೊದಲು ಆ ಪತ್ರವನ್ನು ತೆರೆದು, ಸಂದು, ಹಿಡಿಕೆ, ಅಳತೆಗಳ ವಿವರ ಅದರಲ್ಲಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಚೆನ್ನೈಗೆ ಓಡಾಡುವ ಖರ್ಚು ಬೇಡವೆಂದೇ ನನ್ನ ಸಲಹೆ.