ಊರಾಚೆ ಮನೆ, ಊರೊಳಗಿನ ಖರ್ಚು

ಬೆಂಗಳೂರಿನ ಕೆಂಗೇರಿ ಉಪನಗರದ ಆಚೆ ಅಪಾರ್ಟ್‌ಮೆಂಟೊಂದರಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ: ‘ವಿಜಯನಗರದಲ್ಲಿ 22,000 ಬಾಡಿಗೆ ಕೊಡುತ್ತಿದ್ದೆವು. ನೀರು ಅದರಲ್ಲೇ ಸೇರಿತ್ತು, ಆಫೀಸಿಗೆ ಒಂದೇ ಬಸ್ಸು. ಸ್ವಲ್ಪ ಉಳಿಸೋಣ ಅಂತ 19,000ದ ಟೂ ಬಿಎಚ್‌ಕೆಗೆ ಬಂದೆವು. ಅಡ್ವಾನ್ಸ್ ಒಂದೂವರೆ ಲಕ್ಷ, ಮೇಂಟೆನೆನ್ಸ್ 3,500. ಅಗ್ರಿಮೆಂಟ್ ಮುಗಿಯುತ್ತಿದ್ದಂತೆ ಓನರು ಶೇ 10 ಜಾಸ್ತಿ ಕೊಡಿ ಅನ್ನುತ್ತಿದ್ದಾರೆ. ತಿಂಗಳ ಕೊನೆಗೆ ಮೊದಲಿಗಿಂತ ಕಡಿಮೆ ಉಳಿಯುತ್ತಿದೆ. ಎಲ್ಲಿ ಎಡವಿದೆವು? ಇದಕ್ಕೆಲ್ಲ ಕಾನೂನು ಇಲ್ವಾ?’

ನೀವು ಬಾಡಿಗೆಗೆ ಬಾಡಿಗೆ ಹೋಲಿಸಿದಿರಿ, ಎಡವಿದ್ದು ಅಲ್ಲೇ. 19,000ಕ್ಕೆ ಮೇಂಟೆನೆನ್ಸ್ ಸೇರಿಸಿ. 22,500 ಆಯ್ತು, ಹಳೇ ಬಾಡಿಗೆ ದಾಟಿತು. ಅದರ ಮೇಲೆ ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಪಾಲು. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಿಲ್ಲಾಡಳಿತವೇ ಟ್ಯಾಂಕರಿಗೆ ದರ ಗೊತ್ತು ಮಾಡಬೇಕಾಯಿತು. ಐದು ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ, ಜಿಎಸ್‌ಟಿ ಬೇರೆ.

ಮೆಟ್ರೊ 2023ರ ಅಕ್ಟೋಬರಿನಲ್ಲಿ ಕೆಂಗೇರಿ ದಾಟಿ ಚಲ್ಲಘಟ್ಟದವರೆಗೆ ಬಂತು, ಸಂತೋಷ. ಆದರೆ 2025ರ ಫೆಬ್ರುವರಿಯಲ್ಲಿ ಟಿಕೆಟ್ ಏರಿತು, ಗರಿಷ್ಠ ದರ 60ರಿಂದ 90ಕ್ಕೆ ಹೋಯಿತು. ಊರಿನ ತುದಿಯಲ್ಲಿ ಹತ್ತುವವರಿಗೇ ಅದರ ಬಿಸಿ ಜಾಸ್ತಿ. ಸ್ಟೇಷನ್ನಿನಿಂದ ಮನೆಗೆ ಆಟೊ ಖರ್ಚು ಬೇರೆ. ಇಷ್ಟಾಗಿ, ‘ಮೆಟ್ರೊ ಹತ್ತಿರ ಇದೆಯಲ್ಲ’ ಅಂತಲೇ ಓನರು ಬಾಡಿಗೆ ಏರಿಸೋದು!

ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಬಾಡಿಗೆ ಅಂದರೆ ಅಡ್ವಾನ್ಸು. ಒಂದೂವರೆ ಲಕ್ಷ ಶೇ 7ರ ಬಡ್ಡಿಗೆ ಬ್ಯಾಂಕಿನಲ್ಲಿ ಇದ್ದಿದ್ದರೆ ತಿಂಗಳಿಗೆ 875 ರೂಪಾಯಿ ಬರುತ್ತಿತ್ತು. ಇನ್ನು ಮನೆ ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಬೆಂಗಳೂರಿನಲ್ಲಿ ಶಾಸ್ತ್ರವೇ ಆಗಿಬಿಟ್ಟಿದೆ. ಹಿಂದೊಮ್ಮೆ ನಾನು ಮನೆ ಖಾಲಿ ಮಾಡಿದಾಗ ಓನರು ಮೊಬೈಲ್ ಟಾರ್ಚ್ ಹಿಡಿದು, ಗೋಡೆಗೆ ಮೂಗು ತಾಗುವಷ್ಟು ಬಗ್ಗಿ, ಮೊಳೆ ತೂತು ಎಣಿಸಿದರು. ಹನ್ನೊಂದು. ನಾವು ಹೊಡೆದದ್ದು ಎರಡೇ ಮೊಳೆ, ಒಂದು ಕ್ಯಾಲೆಂಡರಿಗೆ, ಇನ್ನೊಂದು ದೇವರ ಫೋಟೊಗೆ. ಉಳಿದ ಒಂಬತ್ತು ನಮಗಿಂತ ಮುಂಚೆ ಇದ್ದವರದು. ಅವರ ಹತ್ತಿರವೂ ಅದೇ ತೂತುಗಳಿಗೆ ದುಡ್ಡು ಮುರಿದಿರಬೇಕು. ವಾದ ಮಾಡೋಣ ಅಂದರೆ ನನ್ನ ಹತ್ತಿರ ಒಂದು ಫೋಟೊ ಕೂಡ ಇರಲಿಲ್ಲ. ಸುಮ್ನೆ ಬೀಗದ ಕೈ ಕೊಟ್ಟು ಬಂದೆ.

ಕಾನೂನು ಇದೆ, ಕರ್ನಾಟಕ ಬಾಡಿಗೆ ಕಾಯ್ದೆ, 1999. ಆದರೆ ಬೆಂಗಳೂರಿನಂಥ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಆ ದುಡ್ಡಿಗೆ ಇವತ್ತು ನಿಮ್ಮ ಕಡೆ ಒಂದು ಒಳ್ಳೇ ರೂಮೂ ಸಿಗಲಿಕ್ಕಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಕಾಯ್ದೆಯೊಂದನ್ನು ಒಪ್ಪಿ, ವಾಸದ ಮನೆಗೆ ಅಡ್ವಾನ್ಸು ಎರಡು ತಿಂಗಳ ಬಾಡಿಗೆ ಮೀರಬಾರದು ಎಂದಿತು. ಅದು ಬರೀ ಮಾದರಿ. ರಾಜ್ಯ ತನ್ನದೇ ಕಾಯ್ದೆ ಮಾಡಿದರಷ್ಟೇ ಜಾರಿ.

ಉಳಿದಿದ್ದು ನಿಮ್ಮ 11 ತಿಂಗಳ ಅಗ್ರಿಮೆಂಟು. (ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಆ ಖರ್ಚು, ಓಡಾಟ ಯಾರಿಗೂ ಬೇಡ, ಅದಕ್ಕೇ ಈ 11.) ಅದನ್ನು ತೆಗೆದು ಓದಿ. ಏರಿಕೆ ಶೇ 5 ಅಂತ ಬರೆದಿದ್ದರೆ ಅದನ್ನೇ ತೋರಿಸಿ. ಏನೂ ಬರೆದಿಲ್ಲವಾ? ಹಾಗಾದರೆ ಚೌಕಾಸಿಯೇ ಗತಿ. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಓನರಿಗೆ 19,000 ಖೋತಾ. ಅವರು ಕೇಳುತ್ತಿರುವ 1,900ರ ಏರಿಕೆಯಿಂದ ಅದು ತುಂಬಬೇಕಾದರೆ ಹತ್ತು ತಿಂಗಳು ಬೇಕು. ಇದನ್ನು ನಯವಾಗಿಯೇ ಹೇಳಿ. ಏರಿಕೆಗೆ ಅಷ್ಟೋ ಇಷ್ಟೋ ಒಪ್ಪಿದರೂ ಪರವಾಗಿಲ್ಲ, ಬದಲಿಗೆ ಅಡ್ವಾನ್ಸು ಒಂದು ಲಕ್ಷಕ್ಕೆ ಇಳಿಸಿ, ಪೇಂಟಿಂಗ್ ಷರತ್ತು ತೆಗೆಯಿರಿ ಅಂತ ಕೇಳಿ.

ಸಿಟ್ಟಿನಲ್ಲಿ ಈಗಲೇ ಮನೆ ಬದಲಿಸಬೇಡಿ. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಸಾಮಾನು ಸಾಗಿಸುವ ಗಾಡಿ, ಇಲ್ಲಿಯ ಪೇಂಟಿಂಗ್ ಎಲ್ಲ ಸೇರಿದರೆ ಓನರು ಕೇಳುತ್ತಿರುವ ಒಂದು ವರ್ಷದ ಏರಿಕೆಗಿಂತ ಜಾಸ್ತಿಯೇ ಆಗುತ್ತದೆ.

ಹೊಸ ಅಗ್ರಿಮೆಂಟಿಗೆ ಸಹಿ ಹಾಕುವ ದಿನ ಒಂದೊಂದು ಗೋಡೆಯದೂ ಫೋಟೊ ತೆಗೆದು ಓನರಿಗೇ ವಾಟ್ಸ್‌ಆ್ಯಪ್ ಮಾಡಿಬಿಡಿ. ಹಳೇ ಮೊಳೆ ತೂತುಗಳು ಚೆನ್ನಾಗಿ ಕಾಣಲಿ.

– ಸಂ.